ಬೊಟಾಕ್ಸ್ ದರ: ಒಂದು ಕಡೆ ಯೂನಿಟ್‌ಗೆ ₹350, ಇನ್ನೊಂದು ಕಡೆ ₹130. ಹೋಲಿಸೋದು ಹೇಗೆ?

ಬನಶಂಕರಿ_2ನೇಹಂತ:

ವಯಸ್ಸು 43, ಹೆಣ್ಣು. ಹುಬ್ಬುಗಳ ನಡುವೆ ಎರಡು ನೆಟ್ಟನೆ ಗೆರೆ, ಹಣೆ ಮೇಲೆ ಅಡ್ಡಗೆರೆ, ನಕ್ಕಾಗ ಕಣ್ಣಿನ ಪಕ್ಕದಲ್ಲಿ ಗೆರೆ. ಮೂರಕ್ಕೂ ಸೇರಿಸಿ, ಸ್ನಾಯು ಸಡಿಲಿಸಿ ಸುಕ್ಕು ಇಳಿಸುವ ಬೊಟಾಕ್ಸ್ ಥರದ ಇಂಜೆಕ್ಷನ್‌ಗೆ, ಬೆಂಗಳೂರು ದಕ್ಷಿಣದ ನಾಲ್ಕು ಕ್ಲಿನಿಕ್‌ಗಳಲ್ಲಿ ದರ ಕೇಳಿದ್ದೇನೆ. ನಾಲ್ವರೂ ನಾಲ್ಕು ಭಾಷೆಯಲ್ಲಿ ಹೇಳಿದ್ದಾರೆ:

ಒಂದನೆಯವರು: ಬೊಟಾಕ್ಸ್, ಯೂನಿಟ್‌ಗೆ ₹350, ಜಿಎಸ್‌ಟಿ ಬೇರೆ. ಎಷ್ಟು ಯೂನಿಟ್ ಅಂತ ಡಾಕ್ಟರ್ ನೋಡಿ ಹೇಳುತ್ತಾರಂತೆ.

ಎರಡನೆಯವರು: ಒಂದು "ಏರಿಯಾ"ಗೆ ₹9,000, ಜಿಎಸ್‌ಟಿ ಬೇರೆ. ಯೂನಿಟ್ ಲೆಕ್ಕ ಹೇಳಲಿಲ್ಲ.

ಮೂರನೆಯವರು: ಡಿಸ್ಪೋರ್ಟ್ (ಅದೇ ಥರದ ಇನ್ನೊಂದು ಬ್ರ್ಯಾಂಡ್), ಯೂನಿಟ್‌ಗೆ ₹130, ಜಿಎಸ್‌ಟಿ ಬೇರೆ.

ನಾಲ್ಕನೆಯದು: ಇನ್‌ಸ್ಟಾಗ್ರಾಂನಲ್ಲಿ ಕಂಡ ಆಫರ್. ಪೂರ್ತಿ ಮುಖ ₹12,999, ತೆರಿಗೆ ಸೇರಿ.

₹130 ಮತ್ತು ₹350 ನಡುವೆ ಇಷ್ಟು ಅಂತರ ಯಾಕೆ? ಕಡಿಮೆ ದರದಲ್ಲಿ ಏನನ್ನು ಉಳಿಸುತ್ತಾರೆ? ಕ್ಲಿನಿಕ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು ಯಾವುವು? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. "ಒಳ್ಳೆ ಡಾಕ್ಟರ್ ಹತ್ರ ಹೋಗಿ" ಅನ್ನುವ ಉತ್ತರ ಬೇಡ, ಅದು ನನಗೂ ಗೊತ್ತು.

---

ಚರ್ಮತಜ್ಞೆ_ಮೈಸೂರು:

ಮೇಡಂ, ಮೂರನೆಯ ಕ್ಲಿನಿಕ್‌ನಿಂದಲೇ ಶುರು ಮಾಡೋಣ, ಹೆಚ್ಚಿನವರು ಎಡವುವುದು ಅಲ್ಲಿ. ಬೊಟಾಕ್ಸ್‌ನ ಒಂದು ಯೂನಿಟ್ಟೂ ಡಿಸ್ಪೋರ್ಟ್‌ನ ಒಂದು ಯೂನಿಟ್ಟೂ ಒಂದೇ ಅಲ್ಲ. ಯೂನಿಟ್ ಅಂದರೆ ಮಿಲಿಗ್ರಾಂ ಹಾಗೆ ತೂಕವಲ್ಲ, ಔಷಧದ ಶಕ್ತಿಯ ಅಳತೆ. ಎಷ್ಟು ಕೊಟ್ಟರೆ ಪ್ರಯೋಗದ ಇಲಿಗಳಲ್ಲಿ ಅರ್ಧ ಸಾಯುತ್ತವೆ ಎಂಬ ಪರೀಕ್ಷೆಯಿಂದ ಬಂದ ಲೆಕ್ಕ ಇದು. ಪರೀಕ್ಷೆ ನಡೆಸುವ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಯೂನಿಟ್ಟೂ ಬೇರೆ. ರೂಢಿಯಲ್ಲಿ ಬೊಟಾಕ್ಸ್‌ನ ಒಂದು ಯೂನಿಟ್ ಕೆಲಸಕ್ಕೆ ಡಿಸ್ಪೋರ್ಟ್‌ನ ಎರಡೂವರೆಯಿಂದ ಮೂರು ಯೂನಿಟ್ ಹಿಡಿಯುತ್ತೇವೆ. ಹುಬ್ಬಿನ ನಡುವಿನ ಗೆರೆಗೆ ಲೇಬಲ್‌ನಲ್ಲೇ (ಔಷಧದ ಜೊತೆ ಬರುವ ಅಧಿಕೃತ ಮಾಹಿತಿ) ಬೊಟಾಕ್ಸ್ 20, ಡಿಸ್ಪೋರ್ಟ್ 50 ಅಂತ ಇದೆ. ಕ್ಸಿಯೋಮಿನ್ ಅನ್ನುವ ಮತ್ತೊಂದು ಬ್ರ್ಯಾಂಡ್‌ಗೆ ಅದೇ ಜಾಗಕ್ಕೆ 20. ಅದನ್ನು ಬೊಟಾಕ್ಸ್ ಜೊತೆ ಒಂದಕ್ಕೊಂದು ಹಿಡಿಯಬಹುದು. ಅಂದರೆ ₹130ರ ಡಿಸ್ಪೋರ್ಟ್ ನಿಜಕ್ಕೂ ಬೊಟಾಕ್ಸ್ ಲೆಕ್ಕದಲ್ಲಿ ₹325ರಿಂದ ₹390. ಒಂದನೆಯವರ ದರಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ಈಗ ಪ್ರಮಾಣ. ಬೊಟಾಕ್ಸ್ ಲೇಬಲ್ ಪ್ರಕಾರ:

ಹುಬ್ಬಿನ ನಡು: 5 ಕಡೆ, ಒಂದೊಂದಕ್ಕೆ 4 ಯೂನಿಟ್, ಒಟ್ಟು 20.
ಕಣ್ಣಿನ ಪಕ್ಕ: ಒಂದೊಂದು ಬದಿಗೆ 3 ಕಡೆ, 4ರಂತೆ 12, ಎರಡೂ ಸೇರಿ 24.
ಹಣೆ: 5 ಕಡೆ 4ರಂತೆ 20, ಅದೂ ಹುಬ್ಬಿನ ನಡುವಿನ 20ರ ಜೊತೆಯಲ್ಲಿ.

ಮೂರೂ ಸೇರಿದರೆ 64. ಹಣೆಗೆ ಅನೇಕರು 20ಕ್ಕಿಂತ ಕಡಿಮೆ ಹಾಕುತ್ತಾರೆ. ಹಣೆ ಚಿಕ್ಕದಿದ್ದು ಸ್ನಾಯು ತೆಳುವಾಗಿದ್ದರೆ ಸುಮಾರು 10 ಸಾಕಾಗುತ್ತದೆ. ಆಗ ಒಟ್ಟು 54. ಗಂಡಸರ ಸ್ನಾಯು ದಪ್ಪ, ಅವರಿಗೆ ಇದಕ್ಕಿಂತ ಹೆಚ್ಚು ಬೇಕು, ಅವರ ಬಿಲ್ಲೂ ಅಷ್ಟೇ ಹೆಚ್ಚು.

54 ಯೂನಿಟ್ ಹಿಡಿದರೆ ಒಂದನೆಯ ಕ್ಲಿನಿಕ್‌ನಲ್ಲಿ ₹18,900. ಜಿಎಸ್‌ಟಿ ಶೇ 18 ಅಂತ ಹಿಡಿದರೆ ಅದೂ ಸೇರಿ ₹22,302. ಎರಡನೆಯದರಲ್ಲಿ ಮೂರು ಏರಿಯಾಗೆ ₹27,000. ತೆರಿಗೆ ಸೇರಿ ₹31,860. ಏರಿಯಾ ದರದಲ್ಲಿ ಒಂದು ಸೂಕ್ಷ್ಮ ಇದೆ. ಕಣ್ಣಿನ ಪಕ್ಕಕ್ಕೆ 24 ಯೂನಿಟ್ ಹಾಕಿದರೆ ನಿಮಗೆ ಯೂನಿಟ್ ₹375ಕ್ಕೆ ಬಿತ್ತು. ಹಣೆಗೆ 10 ಹಾಕಿ ಅದೇ ₹9,000 ತೆಗೆದುಕೊಂಡರೆ ಯೂನಿಟ್ ₹900 ಆಯಿತು. ಸ್ನಾಯು ಬಲವಾಗಿದ್ದು ಹೆಚ್ಚು ಯೂನಿಟ್ ಬೇಕಾದವರಿಗೆ ಏರಿಯಾ ದರ ಲಾಭ, ಕಡಿಮೆ ಬೇಕಾದವರಿಗೆ ನಷ್ಟ. ಅಲ್ಲದೆ ಏರಿಯಾ ದರದಲ್ಲಿ ಕಡಿಮೆ ಹಾಕಿದಷ್ಟೂ ಕ್ಲಿನಿಕ್‌ಗೆ ಉಳಿತಾಯ. ಎಲ್ಲರೂ ಹಾಗೆ ಮಾಡುತ್ತಾರೆ ಅಂತಲ್ಲ. ಆದರೆ ಯೂನಿಟ್ ಹೇಳದೆ ಏರಿಯಾ ದರ ಮಾತ್ರ ಹೇಳುವ ಕಡೆ ನಾನಾದರೆ ದುಡ್ಡು ಕೊಡುವುದಿಲ್ಲ.

ನಾಲ್ಕನೆಯದು: ₹12,999ರಲ್ಲಿ ತೆರಿಗೆ ತೆಗೆದರೆ ₹11,016. ಯೂನಿಟ್‌ಗೆ ₹350 ಇಟ್ಟರೆ 31 ಯೂನಿಟ್. ಲೇಬಲ್‌ನ 64ರಲ್ಲಿ ಅರ್ಧ. ಅಷ್ಟನ್ನೇ ಮೂರು ಜಾಗಕ್ಕೆ ಹಂಚಿದರೆ ಎರಡು ವಾರಕ್ಕೆ ಚೆನ್ನಾಗಿ ಕಾಣಬಹುದು, ಎರಡು ತಿಂಗಳಿಗೆ ಗೆರೆ ವಾಪಸ್ ಬರುತ್ತದೆ. "ಬೇಬಿ ಬೊಟಾಕ್ಸ್" ಅಂತ ಹೇಳಿಯೇ ಕಡಿಮೆ ಹಾಕಿದರೆ ತಪ್ಪಲ್ಲ; ಮುಖದ ಚಲನೆ ಸ್ವಲ್ಪ ಉಳಿಯಲಿ ಎಂದು ಕೇಳಿ ಹಾಕಿಸಿಕೊಳ್ಳುವವರಿದ್ದಾರೆ. ಹೇಳದೆ ಹಾಕುವುದು ಬೇರೆ ಮಾತು.

ಪೂರ್ತಿ ಪ್ರಮಾಣ ಹಾಕಿದರೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ತಿಂಗಳು. ಹಾಗಾಗಿ ವರ್ಷಕ್ಕೆ ಮೂರು ಸಲ ಅಂತ ಲೆಕ್ಕ ಹಾಕಿ. ಒಂದು ಸಲದ ದರಕ್ಕಿಂತ ಆ ವರ್ಷದ ಮೊತ್ತವೇ ನಿಮಗೆ ಕೈಗೆಟುಕಬೇಕು.

ಇನ್ನೊಂದು. ಕನ್ನಡಿ ಮುಂದೆ ಮುಖ ಪೂರ್ತಿ ಸಡಿಲ ಬಿಟ್ಟು ನೋಡಿ. ಗಂಟಿಕ್ಕಿದಾಗ ಮಾತ್ರ ಕಾಣುವ ಗೆರೆಗೆ ಈ ಇಂಜೆಕ್ಷನ್ ಸಾಕು. ಸುಮ್ಮನಿದ್ದಾಗಲೂ ಆಳವಾಗಿ ಉಳಿದಿರುವ ಗೆರೆ ಇದರಿಂದ ಮಾಸಬಹುದು, ಪೂರ್ತಿ ಹೋಗುವುದಿಲ್ಲ. ಅದಕ್ಕೆ ಲೇಸರ್, ಫಿಲ್ಲರ್ (ಗೆರೆಯ ತಗ್ಗು ತುಂಬುವ ಇಂಜೆಕ್ಷನ್) ಅಂತ ಆಮೇಲೆ ಸೇರಿಸುತ್ತಾರೆ, ಬಿಲ್ ಏರುವುದು ಅಲ್ಲಿಂದ. ಹುಬ್ಬಿನ ನಡುವೆ ಫಿಲ್ಲರ್ ಹಾಕಿಸಿಕೊಳ್ಳಲು ಯಾರಾದರೂ ಸಲೀಸಾಗಿ ಹೇಳಿದರೆ ಎದ್ದು ಬನ್ನಿ. ಅಲ್ಲಿನ ರಕ್ತನಾಳಕ್ಕೆ ಫಿಲ್ಲರ್ ಹೊಕ್ಕರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು.

---

ಹುಬ್ಬಳ್ಳಿ_ಫಾರ್ಮಾ:

ಡಾಕ್ಟ್ರು ಯೂನಿಟ್ ಲೆಕ್ಕ ಚಲೋ ಹೇಳ್ಯಾರ. ವೈಲ್ (ಔಷಧದ ಸಣ್ಣ ಸೀಸೆ) ಕಡಿಂದ ನಾ ಒಂದೀಟು ಹೇಳ್ತೀನ್ರಿ.

ಬೊಟಾಕ್ಸ್ 50 ಮತ್ತ 100 ಯೂನಿಟ್ ವೈಲ್ ಒಳಗ ಬರ್ತೈತಿ, ಡಿಸ್ಪೋರ್ಟ್ 300 ಮತ್ತ 500. ವೈಲ್ ಒಳಗ ಔಷಧ ಒಣಗಿಸಿದ್ದು ಇರ್ತೈತಿ, ಕಣ್ಣಿಗೆ ಕಾಣೂದs ಕಷ್ಟ, ತಳಕ್ಕ ತೆಳ್ಳಗ ಬಿಳಿ ಪೊರಿ ಅಂಟಿದಂಗ. ಖಾಲಿ ವೈಲ್ ಕೊಟ್ಟಾರ ಅಂತ ಜಗಳಾ ಮಾಡಬ್ಯಾಡ್ರಿ, ಅದು ಹಂಗs ಇರ್ತೈತಿ. ಅದಕ್ಕ ಸಲೈನ್ ಸೇರಿಸಿ ಕರಗಿಸಬೇಕು. 100 ಯೂನಿಟ್‌ಗೆ 2.5 ಎಂಎಲ್ ಸಲೈನ್ ಹಾಕಿದ್ರ 0.1 ಎಂಎಲ್ ಒಳಗ 4 ಯೂನಿಟ್. 50ರ ವೈಲ್‌ಗೆ 1.25 ಎಂಎಲ್. 4 ಎಂಎಲ್ ಹಾಕಿದ್ರ 0.1ರೊಳಗ ಬರೇ ಎರಡೂವರಿ ಯೂನಿಟ್.

ಹೆಚ್ಚು ನೀರು ಹಾಕೂದು ಮೋಸ ಅಂತ ಭಾಳ ಮಂದಿ ತಿಳಕೊಂಡಾರ. ಹಂಗಲ್ರಿ. ಯೂನಿಟ್ ಲೆಕ್ಕ ಇಟ್ಟು ಹಾಕಿದ್ರ ನೀರು ಎಷ್ಟಿದ್ರೂ ಔಷಧ ಅಷ್ಟs. ಮೋಸ ಆಗೂದು ಎಂಎಲ್ ಲೆಕ್ಕದಾಗ, ಇಲ್ಲಾ ಸಿರಿಂಜಿನ ಗೆರಿ ಲೆಕ್ಕದಾಗ. ಇದನ್ನ ಸ್ವಲ್ಪ ತಿಳಕೊಳ್ರಿ. ನಮ್ಮಲ್ಲಿ ಇನ್ಸುಲಿನ್ ಸಿರಿಂಜ್ ಎರಡು ನಮೂನಿ ಸಿಗ್ತಾವ. ಕೆಂಪು ಟೋಪಿದು ಯು-40, ಒಂದು ಎಂಎಲ್‌ಗೆ 40 ಗೆರಿ. ಕಿತ್ತಳೆ ಟೋಪಿದು ಯು-100, ಒಂದು ಎಂಎಲ್‌ಗೆ 100 ಗೆರಿ. 2.5 ಎಂಎಲ್ ಹಾಕಿ ಕರಗಿಸಿದ 100ರ ವೈಲ್ ಒಳಗ ಒಂದು ಎಂಎಲ್‌ಗೆ 40 ಯೂನಿಟ್ ಇರ್ತಾವ. ಅದನ್ನ ಕೆಂಪು ಟೋಪಿ ಸಿರಿಂಜಿಗೆ ತಗೊಂಡ್ರ ಒಂದು ಗೆರಿ ಅಂದ್ರ ಒಂದು ಯೂನಿಟ್, ಲೆಕ್ಕ ಸಲೀಸು. ಕಿತ್ತಳೆ ಸಿರಿಂಜಿಗೆ ತಗೊಂಡ್ರ 10 ಗೆರಿ ಅಂದ್ರ 4 ಯೂನಿಟ್. ಪೇಶಂಟ್ 50 ಗೆರಿ ತುಂಬಿದ್ದು ನೋಡಿ 50 ಯೂನಿಟ್ ಅಂತ ತಿಳೀತಾರ, ಒಳಗ ಇದ್ದದ್ದು 20. "ಎಷ್ಟು ಎಂಎಲ್ ಹಾಕಿ ಕರಗಿಸೀರಿ, ಇದು ಯು-40 ಏನು ಯು-100 ಏನು" ಅಂತ ಕೇಳಿದ್ರ ಮುಗೀತು, ಮುಂದಿನ ಲೆಕ್ಕ ನೀವs ಹಾಕಬಹುದು.

ಸೂಜಿ ಬ್ಯಾರೆ ಹಚ್ಚೂವಂಥ ಸಾದಾ ಸಿರಿಂಜ್ ಇದ್ರ ಬುಡದಾಗ ಸ್ವಲ್ಪ ಔಷಧ ಸಿಗಿಹಾಕಿಕೊಂಡು ಉಳೀತೈತಿ. 0.05 ಎಂಎಲ್ ಉಳಿದ್ರೂ ಎರಡು ಯೂನಿಟ್ ಹೋದಂಗ. ಇನ್ಸುಲಿನ್ ಸಿರಿಂಜಿಗೆ ಸೂಜಿ ಅಲ್ಲೇ ಕೂತಿರ್ತೈತಿ, ಅದರಾಗ ಉಳಿಯೂದು ಇಲ್ಲಂದ್ರೂ ನಡೀತೈತಿ. ದುಬಾರಿ ಔಷಧಕ್ಕ ಅಗ್ಗದ ಸಿರಿಂಜ್ ಯಾಕ ಅಂತ ಕೇಳಬ್ಯಾಡ್ರಿ, ಇಲ್ಲಿ ಅಗ್ಗದ್ದs ಚಲೋ.

ಇನ್ನ ಥಂಡಿ. ಬೊಟಾಕ್ಸ್, ಡಿಸ್ಪೋರ್ಟ್ ಎರಡೂ 2ರಿಂದ 8 ಡಿಗ್ರಿ ಒಳಗ ಇರಬೇಕು. ಕ್ಸಿಯೋಮಿನ್ ಕರಗಿಸೂಕಿಂತ ಮೊದಲ 25 ಡಿಗ್ರಿ ತನಕ ಹೊರಗಿದ್ರೂ ನಡೀತೈತಿ, ಅದಕ್ಕ ಸಾಗಾಟದ ತಲಿಬ್ಯಾನಿ ಕಮ್ಮಿ. ಉಳಿದವಕ್ಕ ಜೆಲ್ ಪ್ಯಾಕ್ ಹಾಕಿದ ಡಬ್ಬಿ, ಉಷ್ಣಾಂಶ ದಾಖಲಿಸೂ ಡಾಟಾ ಲಾಗರ್, ಕರೆಂಟ್ ಹೋದ್ರ ಯುಪಿಎಸ್ ಇರೂ ಫ್ರಿಜ್. ಈ ಖರ್ಚು ದರದಾಗ ಕೂತಿರ್ತೈತಿ. ಇದನ್ನ ಬಿಟ್ಟವರು ಅಗ್ಗ ಕೊಡ್ತಾರ, ಆದ್ರ ಬಿಸಿಲಿಗೆ ಸಿಕ್ಕ ವೈಲ್ ನೋಡಾಕ ಹಂಗs ಇರ್ತೈತಿ, ಶಕ್ತಿ ಹೋಗಿರ್ತೈತಿ.

ವೈಲ್ ಒಳಗ ನಿರ್ವಾತ ಇರ್ತೈತಿ. ಸಲೈನ್ ತುಂಬಿದ ಸಿರಿಂಜಿನ ಸೂಜಿ ಚುಚ್ಚಿದ ಕೂಡ್ಲೆ ವೈಲ್ ತಾನs ಎಳಕೋಬೇಕು. ಎಳೀಲಿಲ್ಲಂದ್ರ ಆ ವೈಲ್ ತೆಗೆದು ಒಗೀಬೇಕು ಅಂತ ಲೇಬಲ್ ಹೇಳ್ತೈತಿ. ನಿಮ್ಮ ಮುಂದ ಕರಗಿಸಿದ್ರ ಇದನ್ನ ಕಣ್ಣಾರೆ ನೋಡಬಹುದು.

ಡಬ್ಬಿ ಮ್ಯಾಲ ನೋಡೂವು ಇಷ್ಟು: ಭಾರತದ ಆಮದುದಾರರ ಹೆಸರು ವಿಳಾಸ, ಆಮದು ಲೈಸೆನ್ಸ್ ನಂಬರ್, ರೂಪಾಯಿ ಒಳಗ ಎಂಆರ್‌ಪಿ, ಬ್ಯಾಚ್ ನಂಬರ್, ಅವಧಿ ಮುಗಿಯೂ ತಾರೀಖು. ಡಬ್ಬಿ ಮ್ಯಾಲಿನ ಬ್ಯಾಚೂ ವೈಲ್ ಮ್ಯಾಲಿನ ಬ್ಯಾಚೂ ಒಂದs ಇರಬೇಕು. "ಬ್ಯಾಗಿನಾಗ ತಂದಿದ್ದು, ಒರಿಜಿನಲ್ಲs ಐತಿ" ಅನ್ನೂ ಮಾಲು ಬ್ಯಾಡ್ರಿ. ಒರಿಜಿನಲ್ ಇರಬಹುದು, ಆದ್ರ ವಿಮಾನದ ಸಾಮಾನಿನಾಗ ಅದು ಎಷ್ಟು ಡಿಗ್ರಿ ಒಳಗ ಇತ್ತು ಅಂತ ಹೇಳೂವ್ರು ಯಾರು?

ಡಿಸ್ಪೋರ್ಟ್ ಒಳಗ ಲ್ಯಾಕ್ಟೋಸ್ ಐತಿ. ಹಾಲಿನ ಪ್ರೋಟೀನ್ ಅಲರ್ಜಿ ಇದ್ದವರಿಗೆ ಅದು ನಡ್ಯಾಂಗಿಲ್ಲ. ಮೂರೂ ಬ್ರ್ಯಾಂಡಿನಾಗ ಮನುಷ್ಯರ ರಕ್ತದಿಂದ ತಗದ ಆಲ್ಬುಮಿನ್ ಐತಿ. ಶಾಕಾಹಾರಿ ಏನು ಅಂತ ಕೇಳೂವ್ರು ಭಾಳ ಅದಾರ, ಅದಕ್ಕ ಹೇಳಿದೆ.

---

ಬನಶಂಕರಿ_2ನೇಹಂತ:

ಇಬ್ಬರಿಗೂ ಧನ್ಯವಾದ. ಸಿರಿಂಜ್ ಗೆರೆ ವಿಷಯ ಗೊತ್ತೇ ಇರಲಿಲ್ಲ. ಎರಡು ಅನುಮಾನ: ನನಗೆ 54 ಯೂನಿಟ್ ಸಾಕು ಅಂದರೆ 100ರ ವೈಲ್‌ನಲ್ಲಿ ಉಳಿದ 46 ಏನಾಗುತ್ತದೆ? ಅದರ ದುಡ್ಡೂ ನಾನೇ ಕೊಡಬೇಕಾ? ಮತ್ತೆ ಜಿಎಸ್‌ಟಿ. ಡಾಕ್ಟರ್ ಫೀಸಿಗೆ ತೆರಿಗೆ ಇಲ್ಲ ಅಂತ ಕೇಳಿದ್ದೆ.

---

ಕ್ಲಿನಿಕ್_ಲೆಕ್ಕಪತ್ರ:

ಜಿಎಸ್‌ಟಿ ಮೊದಲು. ವೈದ್ಯಕೀಯ ಸೇವೆಗೆ ವಿನಾಯಿತಿ ಇದೆ, ನಿಜ. ಆದರೆ ಆ ವಿನಾಯಿತಿಯಿಂದ ಕೂದಲು ಕಸಿ, ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿಯನ್ನು 2017ರ ಅಧಿಸೂಚನೆಯಲ್ಲೇ ಹೊರಗಿಟ್ಟಿದ್ದಾರೆ. ಹುಟ್ಟಿನಿಂದ ಬಂದ ದೋಷ, ಗಾಯ, ಅಪಘಾತ ಇಂಥದ್ದನ್ನು ಸರಿಪಡಿಸಲು ಮಾಡಿದರೆ ಮಾತ್ರ ವಿನಾಯಿತಿ. ಸುಕ್ಕಿಗೆ ಹಾಕುವ ಇಂಜೆಕ್ಷನ್‌ಗೆ ಕ್ಲಿನಿಕ್‌ಗಳು ಜಿಎಸ್‌ಟಿ ಹಾಕುವುದು ಇದೇ ಕಾರಣಕ್ಕೆ. ವರ್ಷದ ವಹಿವಾಟು ₹20 ಲಕ್ಷ ದಾಟದ ಸಣ್ಣ ಕ್ಲಿನಿಕ್‌ಗೆ ನೋಂದಣಿಯೇ ಕಡ್ಡಾಯವಲ್ಲ, ಅಂಥವರು ಜಿಎಸ್‌ಟಿ ಹಾಕುವಂತಿಲ್ಲ. ಹಾಗಾಗಿ ತೆರಿಗೆ ಇಲ್ಲದ ಬಿಲ್ ಎಂದರೆ ಕಳ್ಳ ಬಿಲ್ ಅಂತ ಅರ್ಥವಲ್ಲ. ತೆರಿಗೆ ಹಾಕಿ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಕೊಡದಿದ್ದರೆ ಮಾತ್ರ ಕೇಳಿ.

ವಿಮೆಯ ಆಸೆ ಬೇಡ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ನಿಗದಿ ಮಾಡಿದ ಹೊರಗಿಡುವ ಪಟ್ಟಿಯಲ್ಲಿ ಕಾಸ್ಮೆಟಿಕ್ ಚಿಕಿತ್ಸೆಗೆ ಎಂಟನೇ ಕೋಡ್, ಸಾಮಾನ್ಯವಾಗಿ ಆರೋಗ್ಯ ಪಾಲಿಸಿಗಳಲ್ಲಿ ಅದೇ ಸಾಲು ಇರುತ್ತದೆ.

ಇನ್ನು ಉಳಿದ 46. ದರ ನಿಗದಿಯಾಗುವ ಅಸಲಿ ಜಾಗ ಇದು. ಬೊಟಾಕ್ಸ್ ಲೇಬಲ್ ಪ್ರಕಾರ ಕರಗಿಸಿದ ವೈಲ್ ಒಬ್ಬ ರೋಗಿಗೆ ಮಾತ್ರ, 24 ಗಂಟೆಯೊಳಗೆ ಮುಗಿಯಬೇಕು. ರೂಢಿಯಲ್ಲಿ ಜಗತ್ತಿನಾದ್ಯಂತ ಒಂದು ವೈಲನ್ನು ಇಬ್ಬರು ಮೂವರಿಗೆ ಹಂಚುತ್ತಾರೆ, ಫ್ರಿಜ್‌ನಲ್ಲಿಟ್ಟು ಕೆಲವು ದಿನ, ಕೆಲವು ಕಡೆ ವಾರಗಟ್ಟಲೆ ಬಳಸುತ್ತಾರೆ. ಯೂನಿಟ್ ಲೆಕ್ಕದಲ್ಲಿ ದರ ಹೇಳುವ ಕ್ಲಿನಿಕ್ ಬಹುಮಟ್ಟಿಗೆ ಹಂಚುವ ಕ್ಲಿನಿಕ್. ಇಲ್ಲದಿದ್ದರೆ ಉಳಿದ 46 ಯೂನಿಟ್‌ನ ನಷ್ಟ ಅವರ ತಲೆ ಮೇಲೆ. ಒಬ್ಬರಿಗೆ ಒಂದೇ ವೈಲ್ ಅನ್ನುವ ಕ್ಲಿನಿಕ್ ನಿಮಗೆ ಪೂರ್ತಿ ವೈಲ್‌ನ ಬೆಲೆ ಹಾಕುತ್ತದೆ, ಇಲ್ಲವೇ 50ರ ವೈಲ್‌ನಲ್ಲೇ ಮುಗಿಸಲು ಪ್ರಮಾಣ ಹೊಂದಿಸುತ್ತದೆ. ನಿಮ್ಮ 54 ಇದಕ್ಕೆ ಸರಿಯಾದ ಉದಾಹರಣೆ: 50ಕ್ಕೆ ನಾಲ್ಕು ಹೆಚ್ಚು. ಆ ನಾಲ್ಕಕ್ಕೆ ಎರಡನೇ ವೈಲ್ ಒಡೆಯುವವರು ಯಾರೂ ಇಲ್ಲ. ಹಣೆಯಲ್ಲಿ ಎರಡು, ಕಣ್ಣಿನ ಪಕ್ಕದಲ್ಲಿ ಎರಡು ಕಡಿಮೆ ಮಾಡಿ 50ಕ್ಕೆ ತರುತ್ತಾರೆ. ಅದರಿಂದ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸವೂ ಆಗುವುದಿಲ್ಲ. ನೀವೇ ಕೇಳಿ ನೋಡಿ: "ಹೊಸ 50ರ ವೈಲ್ ನನ್ನ ಮುಂದೆ ಒಡೆದು ಪೂರ್ತಿ ನನಗೇ ಹಾಕಿದರೆ ಎಷ್ಟು?" ಹಂಚಿಕೆಯ ಅನುಮಾನವೂ ಇರುವುದಿಲ್ಲ, ಗೆರೆ ಎಣಿಸುವ ಕೆಲಸವೂ ಇಲ್ಲ.

ಕೆಲವು ಕಡೆ ತಿಂಗಳಲ್ಲಿ ಒಂದೆರಡು ದಿನ ಗೊತ್ತು ಮಾಡಿ ನಾಲ್ಕೈದು ಜನರನ್ನು ಒಟ್ಟಿಗೆ ಕರೆಯುತ್ತಾರೆ. ಆ ದಿನ ದರ ಕಡಿಮೆ, ಮತ್ತು ಅದು ನ್ಯಾಯವಾದ ಕಡಿಮೆ: ಅಂದೇ ಒಡೆದ ವೈಲ್ ಅಂದೇ ಖಾಲಿ. ನನ್ನ ಮಟ್ಟಿಗೆ ರಿಯಾಯಿತಿಗಳಲ್ಲಿ ಇದೊಂದೇ ಒಪ್ಪುವಂಥದ್ದು. ಸೂಜಿ, ಸಿರಿಂಜ್ ಪ್ರತಿಯೊಬ್ಬರಿಗೂ ಹೊಸದು ಮತ್ತು ಒಬ್ಬರಿಗೆ ಚುಚ್ಚಿದ ಸೂಜಿ ಮತ್ತೆ ವೈಲ್‌ಗೆ ಹೋಗಬಾರದು. ಇದನ್ನು ಮಾತ್ರ ಗಮನಿಸಿ.

ಉಳಿದ ಖರ್ಚು ಬಾಡಿಗೆ, ಸಿಬ್ಬಂದಿ, ಜಾಹೀರಾತು, ಡಾಕ್ಟರ ಅನುಭವ. ಇಂದಿರಾನಗರದ ಮುಖ್ಯರಸ್ತೆಯ ಬಾಡಿಗೆಗೂ ಒಳ ಬಡಾವಣೆಯ ಬಾಡಿಗೆಗೂ ಇರುವ ಅಂತರ ನಿಮ್ಮ ಯೂನಿಟ್‌ನಲ್ಲೇ ಇಳಿದು ಬರುತ್ತದೆ, ಅದರಿಂದ ನಿಮ್ಮ ಹಣೆಗೆ ಏನೂ ಲಾಭ ಇಲ್ಲ. ಕನ್ಸಲ್ಟೇಶನ್ ಫೀಸ್ ಬಿಲ್‌ನಲ್ಲಿ ಕಳೆಯುತ್ತಾರೋ, ಎರಡು ವಾರದ ಮರುಪರೀಕ್ಷೆ ಉಚಿತವೋ, ಆಗ ಹಾಕುವ ಹೆಚ್ಚುವರಿ ಯೂನಿಟ್‌ಗೆ ದುಡ್ಡು ಇದೆಯೋ: ಮೂರನ್ನೂ ಮೊದಲೇ ಕೇಳಿ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬಿಲ್ಲಿನಲ್ಲಿ "ಆಂಟಿ ಏಜಿಂಗ್ ಪ್ರೊಸೀಜರ್" ಅಂತ ಒಂದು ಸಾಲು ಬೇಡ. ಬ್ರ್ಯಾಂಡ್, ಯೂನಿಟ್, ಬ್ಯಾಚ್ ಮೂರೂ ಇರಲಿ.

ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಬೇಕು, ದರಪಟ್ಟಿ ಕೇಳಿದವರಿಗೆ ಸಿಗುವಂತೆ ಇಡಬೇಕು. ನೋಂದಣಿ ಪತ್ರ ಗೋಡೆ ಮೇಲೆ ಇರುತ್ತದೆ, ಕಣ್ಣಾಡಿಸಿ.

---

ನ್ಯೂಜೆರ್ಸಿ_ನರ್ಸ್:

ಅಮೆರಿಕದ ಕಡೆಯಿಂದ ಸ್ವಲ್ಪ, ಊರಿಗೆ ಬಂದಾಗ ಮಾಡಿಸಿಕೊಳ್ಳೋಣ ಅನ್ನುವ ನಮ್ಮವರಿಗಾಗಿ. ಇಲ್ಲಿ ಬೊಟಾಕ್ಸ್ ಯೂನಿಟ್‌ಗೆ ಸಾಮಾನ್ಯವಾಗಿ 10ರಿಂದ 20 ಡಾಲರ್. ಡಾಕ್ಟರಲ್ಲದೆ ನರ್ಸ್‌ಗಳೂ ಹಾಕುತ್ತಾರೆ, ಯಾರು ಯಾರ ಉಸ್ತುವಾರಿಯಲ್ಲಿ ಅನ್ನುವ ನಿಯಮ ರಾಜ್ಯಕ್ಕೊಂದು. ಕಂಪನಿಗಳೇ ನಡೆಸುವ ಪಾಯಿಂಟ್ ಯೋಜನೆಗಳಿವೆ: ಬೊಟಾಕ್ಸ್‌ಗೆ ಆಲೇ, ಡಿಸ್ಪೋರ್ಟ್‌ಗೆ ಆಸ್ಪೈರ್. ಹಾಗಾಗಿ ಇಲ್ಲಿ ಬೋರ್ಡ್ ಮೇಲಿನ ದರಕ್ಕೂ ಕೊನೆಗೆ ಕೊಡುವ ದುಡ್ಡಿಗೂ ವ್ಯತ್ಯಾಸ ಇರುತ್ತದೆ.

2022ರಲ್ಲಿ ಡ್ಯಾಕ್ಸಿಫೈ ಅನ್ನುವ ಹೊಸ ಬ್ರ್ಯಾಂಡ್ ಬಂತು, ಸುಮಾರು ಆರು ತಿಂಗಳು ಬರುತ್ತದೆ ಅನ್ನುವುದು ಅದರ ಹೆಗ್ಗಳಿಕೆ. ಹುಬ್ಬಿನ ನಡುವಿಗೆ ಅದರ ಪ್ರಮಾಣ 40 ಯೂನಿಟ್. ಮತ್ತೆ ಅದೇ ಬಲೆ, ಯೂನಿಟ್ ದರ ಕಡಿಮೆ ಕಂಡರೆ ಹಿಗ್ಗಬೇಡಿ.

ಊರಲ್ಲಿ ಮಾಡಿಸಿಕೊಳ್ಳುವವರು ತಾರೀಖು ನೋಡಿಕೊಳ್ಳಿ. ಪೂರ್ತಿ ಪರಿಣಾಮ ಕಾಣಲು ಎರಡು ವಾರ. ವಿಮಾನ ಹತ್ತುವ ಹಿಂದಿನ ದಿನ ಹಾಕಿಸಿಕೊಂಡರೆ ಒಂದು ಹುಬ್ಬು ಮೇಲೆ ಹೋದಾಗ ಸರಿಮಾಡುವ ಡಾಕ್ಟರ್ ಬೆಂಗಳೂರಿನಲ್ಲಿ, ನೀವು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಇಲ್ಲಿ ಬೇರೆಯವರ ಕೆಲಸ ತಿದ್ದಲು ಹೆಚ್ಚಿನವರು ಒಪ್ಪುವುದಿಲ್ಲ, ಒಪ್ಪಿದರೂ ಹೊಸ ರೋಗಿಯ ಫೀಸ್ ಹಾಕುತ್ತಾರೆ. ಊರಲ್ಲಿ ಉಳಿಸಿದ್ದು ಅಲ್ಲಿಗೆ ಹೋಯಿತು. ಬಂದ ಮೊದಲ ವಾರದಲ್ಲೇ ಹಾಕಿಸಿಕೊಂಡು ಹದಿನಾಲ್ಕನೇ ದಿನ ತೋರಿಸಿ ಹೊರಡಿ. ಜೊತೆಗೆ ಬ್ರ್ಯಾಂಡ್, ತಾರೀಖು, ಯಾವ ಜಾಗಕ್ಕೆ ಎಷ್ಟು ಯೂನಿಟ್ ಅನ್ನುವ ಚೀಟಿ. ಮೂರು ತಿಂಗಳಾದ ಮೇಲೆ ಇಲ್ಲಿ ಹಾಕಿಸಿಕೊಳ್ಳುವಾಗ ಅದು ಬೇಕೇ ಬೇಕು.

ನಕಲಿ ಮಾಲಿನ ವಿಷಯ ಉಡಾಫೆ ಬೇಡ. 2004ರಲ್ಲಿ ಫ್ಲೋರಿಡಾದಲ್ಲಿ ಪ್ರಯೋಗಾಲಯದ ಬಳಕೆಗೆಂದು ಮಾರಿದ ಬೊಟುಲಿನಂ ವಿಷವನ್ನು (ಬೊಟಾಕ್ಸ್‌ನ ಮೂಲವಸ್ತು) ಕ್ಲಿನಿಕ್‌ನಲ್ಲಿ ಚುಚ್ಚಿ ನಾಲ್ಕು ಜನಕ್ಕೆ ಬೊಟುಲಿಸಂ (ಆ ವಿಷದಿಂದ ಸ್ನಾಯುಗಳ ಬಲ ಹೋಗುವ ಕಾಯಿಲೆ) ಆಗಿ ಆಸ್ಪತ್ರೆ ಸೇರಿದರು. ಏಪ್ರಿಲ್ 2024ರಲ್ಲಿ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ನಕಲಿ ಬೊಟಾಕ್ಸ್ ಬಗ್ಗೆ ಎಚ್ಚರಿಕೆ ಕೊಟ್ಟಿತು. ಆ ಡಬ್ಬಿಯ ಮೇಲೆ 150 ಯೂನಿಟ್ ಅಂತ ಇತ್ತು, ಕಂಪನಿ ಅಂಥ ವೈಲ್ ಮಾಡುವುದೇ ಇಲ್ಲ. ಇಂಜೆಕ್ಷನ್ ಆದ ಮೇಲೆ ನುಂಗಲು, ಉಸಿರಾಡಲು ಕಷ್ಟ, ಮಾತು ತೊದಲುವುದು, ಎರಡೆರಡು ಕಾಣುವುದು, ಕುತ್ತಿಗೆ ನಿಲ್ಲದಿರುವುದು ಇದ್ದರೆ ಕ್ಲಿನಿಕ್‌ಗೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

---

ಬನಶಂಕರಿ_2ನೇಹಂತ:

ನಾಲ್ಕನೆಯ ಕ್ಲಿನಿಕ್‌ಗೆ ಫೋನ್ ಮಾಡಿ ಬ್ರ್ಯಾಂಡ್ ಕೇಳಿದೆ. "ಕೊರಿಯನ್ ಬೊಟಾಕ್ಸ್ ಮೇಡಂ, ಎರಡೂ ಒಂದೇ" ಅಂದರು. ಹೆಸರು ಹೇಳಲಿಲ್ಲ. ಕೊರಿಯಾದ್ದು ಅಂದರೆ ಕಳಪೆಯಾ? ಇನ್ನೊಂದು: ಹಣೆ ಒಂದಕ್ಕೇ ಮಾಡಿಸಿ ದುಡ್ಡು ಉಳಿಸಬಹುದಾ? ಮತ್ತೆ ತಮ್ಮನ ಮನೆ ಗೃಹಪ್ರವೇಶಕ್ಕೆ ಇನ್ನು 12 ದಿನ ಇದೆ. ಅಷ್ಟರೊಳಗೆ ಮಾಡಿಸಬಹುದಾ?

---

ಚರ್ಮತಜ್ಞೆ_ಮೈಸೂರು:

ಕೊರಿಯಾದ್ದು ಅಂದ ಮಾತ್ರಕ್ಕೆ ಕಳಪೆ ಅಲ್ಲ. ಅಲ್ಲಿನ ನಬೋಟಾ ಎಂಬ ಬ್ರ್ಯಾಂಡ್ ಅಮೆರಿಕದಲ್ಲಿ ಜುವೋ ಎಂಬ ಹೆಸರಿನಲ್ಲಿ 2019ರಲ್ಲೇ ಒಪ್ಪಿಗೆ ಪಡೆದಿದೆ, ಅಲ್ಲಿನದೇ ಇನ್ನೊಂದು ಬ್ರ್ಯಾಂಡ್ ಲೆಟಿಬೋಗೆ 2024ರಲ್ಲಿ ಸಿಕ್ಕಿತು. ಬೆಲೆ ಕಡಿಮೆ ಇರುವುದಕ್ಕೆ ಅಲ್ಲಿ ತಯಾರಕರ ಪೈಪೋಟಿ ಜಾಸ್ತಿ ಇರುವುದೂ ಒಂದು ಕಾರಣ. ತೊಂದರೆ ಇರುವುದು "ಕೊರಿಯನ್ ಬೊಟಾಕ್ಸ್" ಅನ್ನುವ ಮಾತಿನಲ್ಲಿ. ಬೊಟಾಕ್ಸ್ ಒಂದು ಕಂಪನಿಯ ಬ್ರ್ಯಾಂಡ್, ಅದರ ಕೊರಿಯನ್ ಆವೃತ್ತಿ ಅಂತ ಇಲ್ಲ. ಬ್ರ್ಯಾಂಡ್ ಹೆಸರು ಹೇಳಿ, ಹುಬ್ಬಳ್ಳಿಯವರು ಹೇಳಿದ ಐದು ವಿವರ ಇರುವ ಡಬ್ಬಿ ತೋರಿಸಿದರೆ ಯೋಚಿಸಬಹುದು. ಹೆಸರೇ ಹೇಳದಿದ್ದರೆ ₹12,999 ಅಲ್ಲ, ₹1,299 ಆದರೂ ಬೇಡ.

ಹಣೆ ಒಂದಕ್ಕೇ ಬೇಡ. ಹುಬ್ಬನ್ನು ಮೇಲೆತ್ತುವ ಸ್ನಾಯು ಮುಖದಲ್ಲಿ ಹಣೆಯದು ಒಂದೇ. ಕೆಳಗೆಳೆಯುವ ಸ್ನಾಯುಗಳು ಹುಬ್ಬಿನ ನಡುವೆಯೂ ಕಣ್ಣಿನ ಸುತ್ತಲೂ ಇವೆ. ಮೇಲೆತ್ತುವುದನ್ನು ಮಾತ್ರ ಸಡಿಲ ಮಾಡಿದರೆ ಎಳೆಯುವವರದೇ ರಾಜ್ಯ. ಹುಬ್ಬು ಜೋತುಬಿದ್ದು ಕಣ್ಣು ಭಾರವಾಗುತ್ತದೆ. ನಲವತ್ತು ದಾಟಿ ರೆಪ್ಪೆಯ ಚರ್ಮ ಸ್ವಲ್ಪ ಸಡಿಲವಾದವರಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಹಣೆಯ ಪ್ರಮಾಣವನ್ನು ಹುಬ್ಬಿನ ನಡುವಿನದರ ಜೊತೆ ಸೇರಿಸಿಯೇ ಲೇಬಲ್‌ನಲ್ಲಿ ಕೊಟ್ಟಿರುವುದು ಇದಕ್ಕೇ. ಉಳಿಸಲೇಬೇಕು ಅಂದರೆ ಹುಬ್ಬಿನ ನಡು ಒಂದನ್ನೇ ಮಾಡಿಸಿ, 20 ಯೂನಿಟ್. ₹350ರ ಲೆಕ್ಕದಲ್ಲಿ ₹7,000, ತೆರಿಗೆ ಸೇರಿ ₹8,260. ನಾಲ್ಕು ತಿಂಗಳು ನೋಡಿ, ಹಿಡಿಸಿದರೆ ಉಳಿದದ್ದು.

ಕಡಿಮೆ ದರಕ್ಕೆ ಕಲಿಯುವವರ ಕೈಗೆ ಹೋದಾಗ ಆಗುವ ಎಡವಟ್ಟುಗಳು ಮುಖ್ಯವಾಗಿ ಮೂರು. ಹುಬ್ಬಿನ ಹತ್ತಿರ ತೀರಾ ಕೆಳಗೆ ಚುಚ್ಚಿದರೆ ಔಷಧ ರೆಪ್ಪೆ ಎತ್ತುವ ಸ್ನಾಯುವಿಗೆ ಇಳಿದು ರೆಪ್ಪೆ ಜೋಲುತ್ತದೆ. ಕಣ್ಣಿನ ಗೂಡಿನ ಎಲುಬಿನ ಅಂಚಿನಿಂದ ಕನಿಷ್ಠ ಒಂದು ಸೆಂಟಿಮೀಟರ್ ಮೇಲಿರಬೇಕು. ರೆಪ್ಪೆ ಜೋತರೆ ಆಪ್ರಾಕ್ಲೋನಿಡಿನ್ ಎಂಬ ಕಣ್ಣಿನ ಹನಿ ಹಾಕಿ ರೆಪ್ಪೆಯನ್ನು ಒಂದೆರಡು ಮಿಲಿಮೀಟರ್ ಎತ್ತಬಹುದು, ಪೂರ್ತಿ ಸರಿಹೋಗಲು ವಾರಗಳೇ ಬೇಕು. ಕೆಲವು ಫಿಲ್ಲರ್‌ಗೆ ಕರಗಿಸಿ ತೆಗೆಯುವ ಪ್ರತಿಮದ್ದು ಇದೆ, ಈ ಔಷಧಕ್ಕೆ ಇಲ್ಲ. ಎರಡನೆಯದು ಹಣೆಯ ನಡುವೆ ಮಾತ್ರ ಹಾಕಿ ಬದಿ ಬಿಟ್ಟಾಗ ಹುಬ್ಬಿನ ಹೊರತುದಿ ಚೂಪಾಗಿ ಮೇಲೇರುವುದು. ಆ ಬದಿಗೆ ಒಂದೆರಡು ಯೂನಿಟ್ ಹಾಕಿದರೆ ಇಳಿಯುತ್ತದೆ, ಮರುಪರೀಕ್ಷೆ ಇರುವುದೇ ಅದಕ್ಕೆ. ಮೂರನೆಯದು ಕಣ್ಣಿನ ಪಕ್ಕ ಕೆನ್ನೆಯವರೆಗೆ ಇಳಿಸಿ ಹಾಕಿ ನಗು ಒಂದು ಕಡೆಗೆ ವಾಲುವುದು. ಇದಕ್ಕೆ ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ.

ಗರ್ಭಿಣಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ, ಮಯಸ್ತೇನಿಯಾದಂಥ ನರ-ಸ್ನಾಯು ಕಾಯಿಲೆ ಇದ್ದರೆ, ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಆಂಟಿಬಯೋಟಿಕ್ ಇಂಜೆಕ್ಷನ್ ನಡೆಯುತ್ತಿದ್ದರೆ ಮಾಡಿಸಬೇಡಿ. ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಹೇಳಿ, ನೀವಾಗೇ ನಿಲ್ಲಿಸಬೇಡಿ. ಚುಚ್ಚಿದ ಕಡೆ ನೀಲಿಗಟ್ಟಬಹುದು, ಅಷ್ಟೆ.

ಗೃಹಪ್ರವೇಶಕ್ಕೆ 12 ದಿನ ಸಾಲದು. ಬದಲಾವಣೆ ಮೂರು ನಾಲ್ಕು ದಿನಕ್ಕೆ ಶುರುವಾದರೂ ಪೂರ್ತಿ ಕೂರಲು ಎರಡು ವಾರ, ತಿದ್ದುಪಡಿ ಬೇಕಾದರೆ ಅದಾದ ಮೇಲೆ ಇನ್ನೊಂದು ವಾರ. ನೀಲಿಗಟ್ಟಿದರೆ ಅದಕ್ಕೂ ಒಂದು ವಾರ ಹಿಡಿಯಬಹುದು. ಫೋಟೋಗೆ ನಿಲ್ಲುವ ದಿನಕ್ಕೆ ಕನಿಷ್ಠ ನಾಲ್ಕು ವಾರ ಮುಂಚೆ ಮಾಡಿಸಬೇಕು. ಈ ಸಲ ಹಾಗೇ ಹೋಗಿ ಬನ್ನಿ, ಆಮೇಲೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಮೊದಲ ಮೂರು ಕ್ಲಿನಿಕ್‌ಗಳಿಗೂ ಈಗಲೇ ಒಂದೇ ಮೆಸೇಜ್ ಕಳಿಸಿ: "ಯಾವ ಬ್ರ್ಯಾಂಡ್, ಮೂರು ಜಾಗಕ್ಕೆ ಒಂದೊಂದಕ್ಕೆ ಎಷ್ಟು ಯೂನಿಟ್, ವೈಲ್ ನನ್ನ ಮುಂದೆ ಒಡೆಯುತ್ತೀರಾ, ಹದಿನಾಲ್ಕನೇ ದಿನದ ತಿದ್ದುಪಡಿ ಸೇರಿ ತೆರಿಗೆಯೊಂದಿಗೆ ಒಟ್ಟು ಎಷ್ಟು?" ಯೂನಿಟ್ ಸಂಖ್ಯೆ ಮುಖ ನೋಡದೆ ಖಚಿತವಾಗಿ ಹೇಳಲಾಗದು, ಆದರೆ ಇಷ್ಟರಿಂದ ಇಷ್ಟು ಅಂತಾದರೂ ಹೇಳಬಹುದು.